ಒಂದರಿಂದ ಎರಡಕ್ಕೆ ಹದಿನೆಂಟು ವರ್ಷ

ಸಂಖ್ಯೆಗಳ ದೊಡ್ಡ ದೊಡ್ಡ ಕೋಷ್ಟಕಗಳನ್ನು ಪೈಥಾನ್ ಭಾಷೆಯಲ್ಲಿ ಚಕಚಕನೆ ಲೆಕ್ಕ ಹಾಕಿಕೊಡುವ ಓಪನ್ ಸೋರ್ಸ್ ಲೈಬ್ರರಿ ನಮ್‌ಪೈ. ಅದರ 1.0 ಆವೃತ್ತಿ ಬಂದದ್ದು 2006ರ ಅಕ್ಟೋಬರ್‌ನಲ್ಲಿ, 2.0 ಬಂದದ್ದು 2024ರ ಜೂನ್ 16ರಂದು. ನಡುವೆ ಕೆಲಸವೇನೂ ನಿಂತಿರಲಿಲ್ಲ. 1.26ರವರೆಗೆ ಒಂದಾದ ಮೇಲೊಂದು ಆವೃತ್ತಿ ಬಂದವು, 2019ರಲ್ಲಿ ಜಗತ್ತು ನೋಡಿದ ಕಪ್ಪುಕುಳಿಯ ಮೊದಲ ಚಿತ್ರದ ಹಿಂದಿನ ಲೆಕ್ಕದಲ್ಲೂ ನಮ್‌ಪೈ ಇತ್ತು. ಚುಕ್ಕೆಯ ಎಡಗಡೆಯ ಅಂಕಿಯೊಂದು ಮಾತ್ರ ಕದಲಲಿಲ್ಲ. ಆ ಅಂಕಿ ಬದಲಾಯಿತೆಂದರೆ, ನಿನ್ನೆಯವರೆಗೆ ಓಡುತ್ತಿದ್ದ ಕೋಡ್ ಇಂದು ಓಡದೆ ಹೋಗಬಹುದು ಎಂದು ಅರ್ಥ. ಹದಿನೆಂಟು ವರ್ಷದ ಈ ಹಿಂಜರಿಕೆ ಕೆಲವರಿಗೆ ಅಂಜುಬುರುಕತನವಾಗಿ ಕಂಡೀತು. ಅದರ ಹಿಂದೆ ಕಲಿತ ಪಾಠವೊಂದಿದೆ ಎಂಬುದು ನನ್ನ ವಾದ. ಹೊಸ ಆವೃತ್ತಿ ಎಷ್ಟು ಚೆನ್ನಾಗಿದೆ ಎಂಬುದರಿಂದ ದೊಡ್ಡ ಬಿಡುಗಡೆಯ ಹಣೆಬರಹ ತೀರ್ಮಾನವಾಗುವುದಿಲ್ಲ. ಒಂದೇ ಕೋಡನ್ನು ಹಳೆಯದರ ಮೇಲೂ ಹೊಸದರ ಮೇಲೂ ಓಡಿಸುವ ಅನುಕೂಲ ಬಳಕೆದಾರರಿಗೆ ಇದೆಯೇ ಎಂಬುದರಿಂದ ಆಗುತ್ತದೆ.

ನಮ್‌ಪೈ ಹುಟ್ಟಿದ್ದೇ ಒಂದು ಒಡಕನ್ನು ಮುಚ್ಚಲು. 1995ರಲ್ಲಿ ಜಿಮ್ ಹ್ಯೂಗನಿನ್ ಬರೆದ ನ್ಯೂಮೆರಿಕ್ ಎಂಬ ಲೈಬ್ರರಿ ಮೊದಲಿತ್ತು. ಬಾಹ್ಯಾಕಾಶ ದೂರದರ್ಶಕದ ದತ್ತಾಂಶಕ್ಕೆ ಅದು ಸಾಲದೆಂದು ನ್ಯೂಮ್‌ಅರೇ ಎಂಬ ಇನ್ನೊಂದು ಬಂತು. ಒಂದಕ್ಕೆ ಬರೆದ ಕೋಡ್ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ, ಬಳಗ ಇಬ್ಭಾಗವಾಯಿತು. ಟ್ರಾವಿಸ್ ಒಲಿಫಂಟ್ ಇವೆರಡನ್ನೂ ಕೂಡಿಸಿ ನಮ್‌ಪೈ ಮಾಡಿದಾಗ, ಹಳೆಯ ಎರಡೂ ಲೈಬ್ರರಿಗಳ ಬಳಕೆದಾರರಿಗಾಗಿ ಹೊಂದಾಣಿಕೆಯ ಭಾಗಗಳನ್ನು ಒಳಗೇ ಇಟ್ಟರು. ಅವನ್ನು ಕಿತ್ತುಹಾಕಿದ್ದು 2014ರ 1.9 ಆವೃತ್ತಿಯಲ್ಲಿ, ಅಂದರೆ ಎಂಟು ವರ್ಷದ ನಂತರ. ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇಂಥ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಆದರೆ ಇಬ್ಭಾಗವಾದ ಬಳಗ ಮತ್ತೆ ಒಂದಾದದ್ದರಲ್ಲಿ ಅದರ ಪಾಲು ದೊಡ್ಡದು.

ಇದಕ್ಕೆ ವಿರುದ್ಧ ಉದಾಹರಣೆ ಪೈಥಾನ್ ಭಾಷೆಯೇ. 2008ರ ಡಿಸೆಂಬರ್ 3ರಂದು ಪೈಥಾನ್ 3.0 ಬಿಡುಗಡೆಯಾಯಿತು. ಅದನ್ನು ಹಳೆಯದರೊಂದಿಗೆ ಹೊಂದದಂತೆ ಮಾಡಿದ್ದಕ್ಕೆ ನ್ಯಾಯವಾದ ಕಾರಣವಿತ್ತು, ಕನ್ನಡ ಬರೆಯುವವರಿಗೆ ಅದು ಬೇಗ ಅರ್ಥವಾಗುತ್ತದೆ. ಕಂಪ್ಯೂಟರ್ ‘ಕ’ ಅಕ್ಷರವನ್ನು ಯುಟಿಎಫ್-8 ಪದ್ಧತಿಯಲ್ಲಿ 224, 178, 149 ಎಂಬ ಮೂರು ಬೈಟುಗಳಾಗಿ ಇಟ್ಟುಕೊಳ್ಳುತ್ತದೆ. ಪೈಥಾನ್ 2ರಲ್ಲಿ ಸಾಧಾರಣ ಪಠ್ಯವೆಂದರೆ ಬೈಟುಗಳ ಸಾಲು, ಅಷ್ಟೆ. ಆದ್ದರಿಂದ ‘ಕನ್ನಡ’ ಪದದ ಉದ್ದ ಕೇಳಿದರೆ ಅದು 15 ಎನ್ನುತ್ತಿತ್ತು. ಆ ಪಠ್ಯವನ್ನು ಯೂನಿಕೋಡ್ ಪಠ್ಯದ ಜೊತೆ ಬೆರೆಸಲು ಹೋದರೆ, ಎಲ್ಲವೂ ಇಂಗ್ಲಿಷ್ ಅಕ್ಷರಗಳಿಗಷ್ಟೇ ಸಾಲುವ ಆಸ್ಕಿ ಸಂಕೇತ ಎಂದು ನಂಬಿದ ಭಾಷೆ 127ರ ಆಚೆಗಿನ ಮೊದಲ ಬೈಟಿನಲ್ಲೇ, ಅಂದರೆ 224ರಲ್ಲೇ, ಮುಗ್ಗರಿಸಿ ದೋಷ ಸಾರುತ್ತಿತ್ತು. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದ ಪ್ರೋಗ್ರಾಮ್ ವರ್ಷಗಟ್ಟಲೆ ಸರಿಯಾಗಿ ಓಡಿ, ಮೊದಲ ಕನ್ನಡ ಹೆಸರು ಬಂದ ದಿನ ಬೀಳುತ್ತಿತ್ತು. ಪೈಥಾನ್ 3 ಬೈಟನ್ನೂ ಪಠ್ಯವನ್ನೂ ಬೇರೆ ಬೇರೆ ಮಾಡಿತು. ಈಗ ಅದೇ ಪದದ ಉದ್ದ 5. (ನಮ್ಮ ಲೆಕ್ಕಕ್ಕೆ ಮೂರೇ ಅಕ್ಷರ, ಒತ್ತಕ್ಷರದ ಒಳಗುಟ್ಟು ಪೈಥಾನ್ 3ಕ್ಕೂ ದಕ್ಕಿಲ್ಲ.) ಹಳೆಯದನ್ನು ಮುರಿಯದೆ ಈ ತಪ್ಪನ್ನು ತಿದ್ದುವ ದಾರಿ ಇರಲಿಲ್ಲ.

ಎಡವಿದ್ದು ತಯಾರಿಯಲ್ಲಿ. ಕೋಡನ್ನು ಎರಡನೆಯ ಆವೃತ್ತಿಯಲ್ಲೇ ಇಟ್ಟುಕೊಳ್ಳಿ, 2ಟು3 ಎಂಬ ಪರಿವರ್ತಕದ ಮೂಲಕ ಮೂರನೆಯದನ್ನು ಪಡೆಯಿರಿ ಎಂಬುದು ಮೂಲ ಯೋಜನೆ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಯಾವ ಸಾಲಿನಲ್ಲಿರುವುದು ಪಠ್ಯ, ಯಾವುದು ಬರೀ ಬೈಟು ಎಂಬುದು ಬರೆದವರ ತಲೆಯಲ್ಲಿತ್ತೇ ಹೊರತು ಕೋಡಿನಲ್ಲಿ ಇರಲಿಲ್ಲ. ಯಂತ್ರಕ್ಕೆ ಅದು ತಿಳಿಯುವುದು ಹೇಗೆ? ಲೈಬ್ರರಿ ಬರೆಯುವವರ ಇಕ್ಕಟ್ಟು ಇನ್ನೂ ದೊಡ್ಡದು. ಅವರ ಬಳಕೆದಾರರಲ್ಲಿ ಅರ್ಧ ಜನ ಹಳೆಯದರಲ್ಲಿ, ಅರ್ಧ ಜನ ಹೊಸದರಲ್ಲಿ. ಎರಡು ದೋಣಿಯ ಮೇಲೆ ಕಾಲಿಡಬಾರದು ಎನ್ನುತ್ತೇವೆ, ಇವರಿಗಾದರೋ ಎರಡರ ಮೇಲೂ ಕಾಲಿಡದೆ ಗತ್ಯಂತರವಿರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಯೋಜನೆಯಲ್ಲಿ ಇಲ್ಲದ ದಾರಿ: ಎರಡೂ ಆವೃತ್ತಿಗಳಿಗೆ ಸಮಾನವಾದಷ್ಟು ಭಾಷೆಯಲ್ಲೇ ಬರೆಯುವುದು. ಅದಕ್ಕಾಗಿ ಸಿಕ್ಸ್ ಎಂಬ ಪುಟ್ಟ ಲೈಬ್ರರಿ ಹುಟ್ಟಿತು. ಎರಡನ್ನು ಮೂರರಿಂದ ಗುಣಿಸಿದರೆ ಆರು ತಾನೆ. ಪೈಥಾನ್ ತಂಡವೂ ಮಣಿಯಿತು. ಯೂನಿಕೋಡ್ ಪಠ್ಯದ ಮುಂದೆ ಹಾಕುತ್ತಿದ್ದ, ಹೊಸ ಭಾಷೆಯಲ್ಲಿ ಅರ್ಥವೇ ಇಲ್ಲದ ‘ಯು’ ಗುರುತನ್ನು ತೆಗೆದುಹಾಕಿದ್ದವರು 2012ರ 3.3 ಆವೃತ್ತಿಯಲ್ಲಿ ಅದನ್ನು ಮರಳಿ ತಂದರು. ಬೈಟುಗಳ ಸಾಲಿನೊಳಗೆ ಬೆಲೆ ತುಂಬುವ ಶೇಕಡಾ ಚಿಹ್ನೆಯ ಬಳಕೆ 2015ರ 3.5ರಲ್ಲಿ ಮರಳಿತು. ಭಾಷೆ ಒಂದಿಷ್ಟೂ ಸುಂದರವಾಗಲಿಲ್ಲ, ಆದರೆ ದಾಟುವುದು ಸಾಧ್ಯವಾಯಿತು.

ದಾಟಿಸಿದ್ದು ಗಡುವು, ಹೊಂದಾಣಿಕೆಯಲ್ಲ ಎಂಬ ಆಕ್ಷೇಪವಿದೆ. 2020ರ ಜನವರಿ 1ಕ್ಕೆ ಪೈಥಾನ್ 2 ಮುಗಿಯುತ್ತದೆ ಎಂದು ಘೋಷಿಸಿದ ಮೇಲೆಯೇ ದೊಡ್ಡ ಕಂಪನಿಗಳು ಎದ್ದವು ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಪೈಥಾನ್ 2.8 ಎಂದೂ ಬರುವುದಿಲ್ಲ ಎಂದು ಸಾರುವ ಪ್ರಸ್ತಾವಕ್ಕೆ, ವೆಬ್ ಪುಟ ಸಿಗದಾಗ ಕಾಣುವ 404 ಎಂಬ ಸಂಖ್ಯೆಯನ್ನೇ ಕೊಟ್ಟು ಕುಚೋದ್ಯ ಮಾಡಿದವರು ಗಡುವಿನ ಬೆಲೆ ಬಲ್ಲವರೇ. ಆದರೆ ಮೊದಲ ಗಡುವು 2015 ಆಗಿತ್ತು. 2014ರಲ್ಲಿ ಅದನ್ನು ಐದು ವರ್ಷ ಮುಂದೂಡಬೇಕಾಯಿತು. ಎರಡು ಗಡುವುಗಳ ನಡುವೆ ಬದಲಾದದ್ದು ಬೆದರಿಕೆಯ ಜೋರಲ್ಲ. 3.3 ಬಂದು ನೆಲೆಗೊಂಡಿತ್ತು, 3.5 ಬಂತು, ಜಾಂಗೋದಂಥ ಲೈಬ್ರರಿಗಳು ಎರಡೂ ಕಡೆ ಓಡತೊಡಗಿದವು. ಪೈಥಾನ್ ಜನಕ ಗೀಡೋ ವಾನ್ ರಾಸಮ್ ಅವರೇ ಕೆಲಸ ಮಾಡುತ್ತಿದ್ದ ಡ್ರಾಪ್‌ಬಾಕ್ಸ್ ತನ್ನ ಡೆಸ್ಕ್‌ಟಾಪ್ ಪ್ರೋಗ್ರಾಮನ್ನು ಮೂರಕ್ಕೆ ಒಯ್ದು ಮುಗಿಸಿದ್ದು 2018ರಲ್ಲಿ. ಭಾಷೆ ಹುಟ್ಟಿಸಿದವರಿದ್ದ ಕಚೇರಿಯಲ್ಲೇ ಇಷ್ಟು ತಡವಾದ ಮೇಲೆ ಉಳಿದವರನ್ನು ಸೋಮಾರಿಗಳೆಂದು ಬೈಯುವುದು ಯಾವ ನ್ಯಾಯ?

ನಮ್‌ಪೈ ತಂಡ ಈ ಹನ್ನೊಂದು ವರ್ಷವನ್ನು ಒಳಗಿನಿಂದಲೇ ಕಂಡಿತ್ತು. 2010ರ 1.5ರಿಂದ 2019ರ ಆರಂಭದ 1.16ರವರೆಗೆ ಎರಡೂ ಪೈಥಾನುಗಳನ್ನು ಹೊತ್ತು ನಡೆದಿತ್ತು. ಅದರ 2.0ದ ತಯಾರಿ ನೋಡಿದರೆ ಪಾಠ ಎಲ್ಲಿ ಇಳಿದಿದೆಯೆಂದು ತಿಳಿಯುತ್ತದೆ. ಹಿಂದಿನ ನಮ್‌ಪೈಯಲ್ಲಿ ಅನಂತ ಎಂಬ ಒಂದೇ ಬೆಲೆಗೆ ಐದು ಹೆಸರುಗಳಿದ್ದವು. ಸಣ್ಣಕ್ಷರದ ‘ಇನ್ಫ್’ ಒಂದನ್ನುಳಿದು ಮಿಕ್ಕವನ್ನೆಲ್ಲ ತೆಗೆದರು. ಉಳಿಸಿಕೊಂಡ ಆ ಹೆಸರು ಹಳೆಯ ಆವೃತ್ತಿಯಲ್ಲೂ ಇದ್ದದ್ದೇ ಎಂಬುದನ್ನು ಗಮನಿಸಬೇಕು: ಕೋಡನ್ನು ಇಂದು ತಿದ್ದಿಕೊಂಡರೆ ಅದು ನಿನ್ನೆಯದರ ಮೇಲೂ ಓಡುತ್ತದೆ. ಕಿತ್ತ ಹೆಸರನ್ನು ಯಾರಾದರೂ ಕರೆದರೆ, ಇದನ್ನು 2.0ದಲ್ಲಿ ತೆಗೆಯಲಾಗಿದೆ, ಬದಲಿಗೆ ಇಂಥದ್ದನ್ನು ಬಳಸಿ ಎಂದು ದೋಷ ಸಂದೇಶವೇ ಹೇಳುತ್ತದೆ. ಇಂಥ ತಿದ್ದುಪಡಿಗಳನ್ನು ತಾನಾಗಿಯೇ ಮಾಡಿಕೊಡುವ ನಿಯಮವೊಂದನ್ನು ರಫ್ ಎಂಬ ಕೋಡ್ ಪರೀಕ್ಷಕಕ್ಕೆ ಸೇರಿಸಲಾಯಿತು. ಇನ್ನೂ ಸೂಕ್ಷ್ಮವಾದದ್ದು, ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ ಲೈಬ್ರರಿಗಳ ಸಂಗತಿ. 1.x ಇಟ್ಟುಕೊಂಡು ಕಂಪೈಲ್ ಮಾಡಿದ್ದು 2.0ದ ಮೇಲೆ ಓಡುವುದಿಲ್ಲ. ಆದರೆ 2.0 ಇಟ್ಟುಕೊಂಡು ಕಂಪೈಲ್ ಮಾಡಿದ್ದು 1.x ಮೇಲೂ ಓಡುವಂತೆ ರೂಪಿಸಿದರು. ಅಂತಿಮ ಬಿಡುಗಡೆಗೆ ಎರಡು ತಿಂಗಳಿಗೂ ಮೊದಲೇ ಪೂರ್ವಬಿಡುಗಡೆ ಹೊರಬಿಟ್ಟು, ಇನ್ನು ಈ ಒಳಗಟ್ಟು ಬದಲಾಗುವುದಿಲ್ಲ, ನಿಮ್ಮ ನಿಮ್ಮ ಲೈಬ್ರರಿಗಳನ್ನು ಕಂಪೈಲ್ ಮಾಡಿ ಹೊರಡಿಸಿರಿ ಎಂದರು. ನಮ್‌ಪೈಯನ್ನು ನೆಚ್ಚಿಕೊಂಡ ಹಲವು ಲೈಬ್ರರಿಗಳು ನಮ್‌ಪೈಗಿಂತ ಮೊದಲೇ 2.0ಕ್ಕೆ ಸಜ್ಜಾಗುವಂತಾದದ್ದು ಹೀಗೆ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಆವೃತ್ತಿಗೆ ಮಿತಿ ಹಾಕಿಕೊಳ್ಳದ ಪ್ರಾಜೆಕ್ಟುಗಳು ಜೂನ್ ತಿಂಗಳಲ್ಲಿ ಮುರಿದುಬಿದ್ದವು, ಎರಡಕ್ಕಿಂತ ಕಡಿಮೆ ಎಂಬ ಷರತ್ತು ಎಷ್ಟೋ ಕಡೆ ತಿಂಗಳುಗಟ್ಟಲೆ ಉಳಿಯಿತು. ಇಡೀ ಭಾಷೆಯನ್ನು ಬದಲಿಸಿದ್ದಕ್ಕೂ ಒಂದು ಲೈಬ್ರರಿಯನ್ನು ಗುಡಿಸಿ ಸಾರಿಸಿದ್ದಕ್ಕೂ ಹೋಲಿಕೆ ಸಲ್ಲದು ಎಂದೂ ಹೇಳಬಹುದು. ಬದಲಾವಣೆಯ ಗಾತ್ರದಲ್ಲಿ ಅಜಗಜಾಂತರವಿದೆ, ಒಪ್ಪಿದೆ. ಆದರೆ ಆ ಗಾತ್ರ ಆಕಾಶದಿಂದ ಉದುರಿದ್ದಲ್ಲ, ಮುಖ್ಯ ಹೆಸರುಗಳಲ್ಲಿ ಸುಮಾರು ಹತ್ತನೆಯ ಒಂದು ಭಾಗವನ್ನಷ್ಟೇ ತೆಗೆಯಬೇಕೆಂದು ತಂಡವೇ ಆರಿಸಿಕೊಂಡದ್ದು. ಹಾಗಾದರೆ ಏನನ್ನೂ ಮುರಿಯದೆ ಇದ್ದುಬಿಡಬಹುದಲ್ಲ ಎಂದು ಕೇಳುವವರಿಗೆ 224ನೆಯ ಬೈಟೇ ಉತ್ತರ. ಮುರಿಯದಿದ್ದರೂ ಬೆಲೆ ತೆರುವವರು ಇರುತ್ತಾರೆ, ಬಿಡುಗಡೆಯ ಚರ್ಚೆಯಲ್ಲಿ ಅವರ ದನಿ ಕೇಳುವುದಿಲ್ಲ ಅಷ್ಟೆ.

ಪೈಥಾನ್ ತಂಡ ಈಗ ಇನ್ನೊಂದು ದೊಡ್ಡ ಬದಲಾವಣೆಗೆ ಕೈಹಾಕಿದೆ. ಒಂದು ಕಾಲಕ್ಕೆ ಒಂದೇ ಥ್ರೆಡ್ ಓಡಬೇಕೆಂಬ ಹಳೆಯ ಬೀಗವನ್ನು ತೆಗೆಯುವ ಕೆಲಸ ಅದು. 2023ರಲ್ಲಿ ಪ್ರಸ್ತಾವವನ್ನು ಒಪ್ಪುವಾಗಲೇ, ಹಂತಹಂತವಾಗಿ ಹೋಗುತ್ತೇವೆ, ಬೇಡವೆನಿಸಿದರೆ ಹಿಂದೆಗೆಯುವ ಹಕ್ಕು ಇಟ್ಟುಕೊಂಡಿರುತ್ತೇವೆ ಎಂದು ಸ್ಪಷ್ಟಪಡಿಸಿತು. 2024ರ ಅಕ್ಟೋಬರ್‌ನ 3.13ರಲ್ಲಿ ಬೀಗವಿಲ್ಲದ ಪೈಥಾನ್ ಪ್ರಯೋಗವಾಗಿ, ಬೇರೆಯೇ ಪ್ರತಿಯಾಗಿ ಬಂತು. ಬೀಗವಿರುವುದು ಎಂದಿನಂತೆ ಪಕ್ಕದಲ್ಲೇ ಇತ್ತು. ಅದಕ್ಕೂ ಸುಮಾರು ಎರಡು ತಿಂಗಳು ಮೊದಲೇ, ಆಗಸ್ಟ್‌ನಲ್ಲಿ ಬಂದ ನಮ್‌ಪೈ 2.1 ಆ ಹೊಸ ಪ್ರತಿಗೆ ಆರಂಭಿಕ ಬೆಂಬಲ ಸೇರಿಸಿತ್ತು.