ಜ್ವರಕ್ಕೆ ಜಾತಿ ಇರಲಿಲ್ಲ, ಸಾವಿಗೆ ಇತ್ತು

ಚರಿತ್ರೆಯ ಪಾಠದಲ್ಲಿ ಬಸವಕಲ್ಯಾಣ ಅಂದರೆ ಚಾಲುಕ್ಯರ ರಾಜಧಾನಿ. ಹುಮನಾಬಾದ್ ಅಂದರೆ ವೀರಭದ್ರೇಶ್ವರನ ಜಾತ್ರೆ. ಜ್ವರ ಬಂದು ಸತ್ತ ಕೂಲಿಯವನಿಗೆ ಆ ಪಾಠದಲ್ಲಿ ಒಂದು ಸಾಲೂ ಇಲ್ಲ. ಸತ್ತ ರಾಜನಿಗೆ ತಾರೀಖು ಇದೆ. ಇವನಿಗೆ ಹೆಸರೂ ಇಲ್ಲ. ಆದ್ದರಿಂದ ಗೆಳೆಯರೇ, ಒಂದು ಕೆಮ್ಮಿನ ಚರಿತ್ರೆಯನ್ನು ನಾವೇ ಬರೆಯಬೇಕಾಗಿದೆ.

1918ರ ಜೂನ್. ಮೊದಲ ಮಹಾಯುದ್ಧದ ಕೊನೆಯ ವರ್ಷ. ಜೂನ್ 10ರಂದು ಮುಂಬಯಿಯಲ್ಲಿ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರವೆಂದು ಆಸ್ಪತ್ರೆ ಸೇರಿದರು. ಅವರ ಹಿಂದೆಯೇ ಬಂದರಿನ ಕೆಲಸಗಾರರು, ಟಂಕಸಾಲೆಯವರು, ತಂತಿ ಕಚೇರಿಯವರು, ಬಟ್ಟೆ ಗಿರಣಿಯವರು ಮಲಗಿದರು. ಈ ಸಾಲನ್ನು ಮತ್ತೊಮ್ಮೆ ಓದಿ. ರೋಗ ಹಬ್ಬಿದ್ದು ಕೆಲಸದ ಜಾಗದಿಂದ ಕೆಲಸದ ಜಾಗಕ್ಕೆ.

ಆ ವರ್ಷ ಮಳೆ ಕೈಕೊಟ್ಟಿತು, ಕಾಳಿನ ಬೆಲೆ ಏರಿತು. ಅರೆಹೊಟ್ಟೆಯ ಜನರ ಮೇಲೆ ಸೆಪ್ಟೆಂಬರಿನಲ್ಲಿ ಎರಡನೇ ಅಲೆ ಬಿತ್ತು. ಅಕ್ಟೋಬರ್ 6ರಂದು, ಒಂದೇ ದಿನ, ಮುಂಬಯಿಯಲ್ಲಿ 768 ಜನ ಸತ್ತರು. ರೈಲು ಹೋದಲ್ಲೆಲ್ಲ ಜ್ವರವೂ ಹೋಯಿತು. ದೇಶದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 2 ಕೋಟಿ ಎಂದು ವಿದ್ವಾಂಸರ ಲೆಕ್ಕ.

ಸತ್ತವರು ಯಾರು? ಮುಂಬಯಿಯ ಆರೋಗ್ಯಾಧಿಕಾರಿಯ ವರದಿ ಸಾವನ್ನು ಜಾತಿ ಮತಗಳ ಪ್ರಕಾರ ಎಣಿಸಿತು. ಸಾವಿರ ಜನರಿಗೆ ಯುರೋಪಿಯನ್ನರಲ್ಲಿ 8.3, ಪಾರ್ಸಿಗಳಲ್ಲಿ 9, ಸವರ್ಣ ಹಿಂದೂಗಳಲ್ಲಿ 18.9. ಅದೇ ಪಟ್ಟಿ ‘ಕೀಳು ಜಾತಿ’ ಎಂದು ಕರೆದ ನಮ್ಮ ಜನರಲ್ಲಿ 61.6. ವೈರಸ್ಸು ಯಾರ ಜಾತಿಯನ್ನೂ ಕೇಳಲಿಲ್ಲ. ಗಾಳಿ ಬೆಳಕಿಲ್ಲದ ಚಾಳಿನ ಕೋಣೆ, ಅರ್ಧ ರೊಟ್ಟಿ, ಜ್ವರದಲ್ಲೂ ಬಿಡದ ಕೂಲಿ, ಇವುಗಳಿಗೆ ಜಾತಿ ಇತ್ತು.

ನಮ್ಮ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬಸವಕಲ್ಯಾಣ ಆಗ ಕಲ್ಯಾಣಿ, ಒಬ್ಬ ನವಾಬರ ಜಹಗೀರು. 1911ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 1 ಕೋಟಿ 33 ಲಕ್ಷ ದಾಟಿತ್ತು. 1921ರಲ್ಲಿ ಅದು 1 ಕೋಟಿ 24 ಲಕ್ಷದ ಹತ್ತಿರಕ್ಕೆ ಇಳಿಯಿತು. ಪ್ಲೇಗು, ಬರ, ಇನ್‌ಫ್ಲುಯೆಂಜಾ ಮೂರೂ ಕೂಡಿ ತಿಂದವು. ಅದರಲ್ಲಿ ದೊಡ್ಡ ಪಾಲು 1918ರ ಜ್ವರದ್ದು.

ಸರಕಾರ ಆಗ ಸಲಹೆ ಕೊಡದೆ ಇರಲಿಲ್ಲ. ಬಯಲಲ್ಲಿ ಮಲಗಿ, ಗುಂಪು ಸೇರಬೇಡಿ, ರೋಗಿಯಿಂದ ದೂರ ಇರಿ, ವಿಶ್ರಾಂತಿ ತಗೊಳ್ಳಿ. ಸಲಹೆ ತಪ್ಪಲ್ಲ. ಆದರೆ ಒಂದೇ ಕೋಣೆಯಲ್ಲಿ ಎಂಟು ಜನ ಇರುವವರು ಯಾರಿಂದ ದೂರ ಇರಬೇಕು? ದಿನದ ಕೂಲಿಯವನು ಯಾವ ಗಂಟಿನ ಮೇಲೆ ವಿಶ್ರಾಂತಿ ತಗೊಳ್ಳಬೇಕು? ರೋಗಿಗಳ ಆರೈಕೆಗೆ ಕೂತ ಹೆಣ್ಣುಮಕ್ಕಳು ಗಂಡಸರಿಗಿಂತ ಹೆಚ್ಚು ಸತ್ತರು.

ಅದೇ 1918ರ ನವೆಂಬರಿನಲ್ಲಿ ಅಂಬೇಡ್ಕರರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಸೇರಿದರು. ಅವರ ಮನೆ ಗಿರಣಿ ಕಾರ್ಮಿಕರ ಪರೇಲಿನ ಚಾಳಿನಲ್ಲಿ. ಅಧ್ಯಾಪಕರಿಗಾಗಿ ಇಟ್ಟ ನೀರಿನ ಹೂಜಿಯನ್ನು ಅವರು ಮುಟ್ಟಬಾರದೆಂದು ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು. ಊರಿಗೆ ಊರೇ ಜ್ವರದಿಂದ ಸಾಯುವಾಗ ಓದಿದವರು ಹೆದರಿದ್ದು ಕೆಮ್ಮಿಗಲ್ಲ, ಒಬ್ಬ ಮಹಾರನ ಕೈಗೆ!

1942ರಿಂದ 1946ರವರೆಗೆ ಅವರೇ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರು. ಆ ಕಾಲದಲ್ಲೇ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸಲು ಬಿ.ಪಿ. ಅಡಾರ್ಕರ್ ಅವರನ್ನು ನೇಮಿಸಿದರು. ಅದರ ಫಲವಾಗಿ 1948ರಲ್ಲಿ ಇಎಸ್ಐ ಕಾಯ್ದೆ ಬಂತು. ಕಾಯಿಲೆ ಬಿದ್ದ ಕಾರ್ಮಿಕನಿಗೆ ಮನೆಯಲ್ಲಿದ್ದಾಗಲೂ ಕೂಲಿಯ ಒಂದು ಪಾಲು ಸಿಗಬೇಕು ಎನ್ನುವುದು ಕಾನೂನಾಯಿತು. ಮುನ್ನೆಚ್ಚರಿಕೆ ಅಂದ್ರೆ ಮೊದಲು ಇದು; ಬಟ್ಟೆ, ಸಾಬೂನು ಆಮೇಲೆ. ಆದರೆ ಹೊಲದ ಆಳು, ಇಟ್ಟಿಗೆ ಭಟ್ಟಿಯವರು, ಕಬ್ಬು ಕಡಿಯುವವರು ಆ ಬಾಗಿಲಿನ ಹೊರಗೇ ಉಳಿದರು.

2020ರ ಮಾರ್ಚ್ 10ರಂದು ದೇಶದ ಮೊದಲ ಕೊರೋನಾ ಸಾವು ನಮ್ಮ ಪಕ್ಕದ ಕಲಬುರಗಿಯಲ್ಲಾಯಿತು. ಇದು ಫ್ಲೂ ಅಲ್ಲ, ಬೇರೆ ವೈರಸ್ಸು. ಹರಡುವ ದಾರಿ ಬಹಳಮಟ್ಟಿಗೆ ಅದೇ. ‘ಸಾಮಾಜಿಕ ಅಂತರ’ ಅಂತ ಎಲ್ಲರೂ ಹೊಸದಾಗಿ ಕಲಿತರು. ನಮ್ಮ ಕೇರಿಗೆ ಅದನ್ನು ಹೊಸದಾಗಿ ಕಲಿಸುವ ಅಗತ್ಯವಿತ್ತೇ? ಬೇಕಾಗಿದ್ದದ್ದು ದೇಹಗಳ ನಡುವಿನ ಅಂತರ, ಸಮಾಜದ್ದಲ್ಲ. ಆ ಸೆಪ್ಟೆಂಬರ್ 24ರಂದು ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಕೊರೋನಾದಿಂದಲೇ ತೀರಿಕೊಂಡರು. ಆ ಸಾವಿನಿಂದ ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು, ಎರಡನೇ ಅಲೆ ಏರುತ್ತಿದ್ದಾಗ, ಮತದಾನ ನಡೆಸಿದರು. ಮತಗಟ್ಟೆಯಲ್ಲಿ ಕೂತ ಮಾಸ್ತರಿಗೆ ಅದೂ ಕೆಲಸದ ಜಾಗವೇ.

ಫ್ಲೂ ಮತ್ತೆ ಮತ್ತೆ ಬರುತ್ತದೆ. ಜ್ವರ ಕಾಣುವ ಹಿಂದಿನ ದಿನದಿಂದಲೇ ಅದು ಇನ್ನೊಬ್ಬರಿಗೆ ದಾಟಬಲ್ಲದು. ಮುಂದಿನ ಐದಾರು ದಿನವೂ ದಾಟುತ್ತದೆ. ಆದ್ದರಿಂದ ಹುಮನಾಬಾದಿನ ಕಾರ್ಖಾನೆಯಿರಲಿ, ದಾಲ್ ಮಿಲ್ ಇರಲಿ, ಹಳ್ಳಿಯ ಶಾಲೆಯಿರಲಿ, ಕಿಟಕಿ ಬಾಗಿಲು ತೆರೆದಿರಬೇಕು. ಕೈ ತೊಳೆಯಲು ನೀರು, ಸಾಬೂನು ಇರಬೇಕು. ಎಲ್ಲರ ಬಾಯಿಗೂ ಒಂದೇ ಲೋಟ ಬೇಡ, ಯಾರಿಗೂ ಜಾತಿಯ ಲೋಟ ಬೇಡ. ಆಳುಗಳನ್ನು ಟಂಟಂನಲ್ಲಿ ತುರುಕಬಾರದು. ಕೆಮ್ಮುವವರು ಮೂಗು ಬಾಯಿ ಮುಚ್ಚಬೇಕು. ಕಸ ಎತ್ತುವ ಪೌರಕಾರ್ಮಿಕರಿಗೆ ಕೈಗವಸು, ಮುಖಗವಸು ಕೊಡುವುದು ದಾನವಲ್ಲ. ಗುಳಿಗೆಯಿಲ್ಲದೆ ಒಂದು ದಿನವಿಡೀ ಜ್ವರ ಬಿಟ್ಟಿರುವತನಕ ಯಾರೂ ಕೆಲಸಕ್ಕೆ ಬರಬಾರದು. ಉಸಿರು ಕಟ್ಟಿದರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು. ಬಸುರಿಯರು, ಮುದುಕರು, ಸಕ್ಕರೆ ಕಾಯಿಲೆಯವರು ಇನ್ನೂ ಜೋಪಾನ.

‘ಜ್ವರ ಬಂದಾವ್ರಿ, ಇವತ್ತ ಬರಂಗಿಲ್ಲ’ ಅಂದವನಿಗೆ ‘ಹಂಗಾದ್ರ ಪಗಾರಿಲ್ಲ’ ಅನ್ನುವ ಮಾಲಕ ಈ ಎಲ್ಲ ಮುನ್ನೆಚ್ಚರಿಕೆಯನ್ನೂ ಒಂದೇ ಮಾತಿನಲ್ಲಿ ಮುರಿಯುತ್ತಾನೆ. ಹೊಟ್ಟೆಗಾಗಿ ಬಂದವನು ಹತ್ತು ಜನರಿಗೆ ಜ್ವರ ಹಂಚುತ್ತಾನೆ. ಹರಳಯ್ಯ, ಮಾಚಯ್ಯರ ಕಲ್ಯಾಣದಲ್ಲಿ ಕಾಯಕದ ಹೆಸರು ಹೇಳಿ ರೋಗಿಯನ್ನು ದುಡಿಸುವುದು ಶರಣರಿಗೆ ಮಾಡುವ ಅಪಮಾನ. ಕೂಲಿ ಸಹಿತ ರಜೆ, ಇದು ನಮ್ಮ ಮೊದಲ ಬೇಡಿಕೆ.

ಎರಡನೆಯದು ನಮ್ಮದೇ ಕೆಲಸ. 1921ರ ಜನಗಣತಿ ನಮ್ಮ ಅಜ್ಜಂದಿರನ್ನು ಸಂಖ್ಯೆಯಾಗಿ ಬರೆದುಕೊಂಡಿತು. ಮಾಸ್ತರರೇ, ವಿದ್ಯಾರ್ಥಿಗಳೇ, 2020, 2021ರಲ್ಲಿ ನಿಮ್ಮ ಕೇರಿಯಲ್ಲಿ ಯಾರು ಸತ್ತರು, ಎಲ್ಲಿ ದುಡಿಯುತ್ತಿದ್ದರು, ಜ್ವರ ಬಂದ ಮೇಲೂ ಎಷ್ಟು ದಿನ ಕೆಲಸಕ್ಕೆ ಹೋದರು, ಮನೆಮನೆಗೆ ಹೋಗಿ ಕೇಳಿ. ಒಂದು ನೋಟ್‌ಬುಕ್ ಸಾಕು. ಹೆಸರು ಬರೆದಿಡಿ.