ಕುಂಬಳ ಒಂದು, ಕಾಯಿ ಎರಡು

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಕಳ್ಳನಾದವನು ಹೆಗಲನ್ನೇ ಏಕೆ ಮುಟ್ಟಿ ನೋಡಿಕೊಳ್ಳಬೇಕು? ಉತ್ತರ ಕಾಯಿಯ ಸಿಪ್ಪೆಯ ಮೇಲಿದೆ. ಬಲಿತ ಬೂದುಗುಂಬಳದ ಮೈಮೇಲೆ ಸುಣ್ಣ ಬಳಿದಂತೆ ಬಿಳಿಯ ಪುಡಿ ಕೂತಿರುತ್ತದೆ. ಅದು ಒಂದು ಬಗೆಯ ಮೇಣ. ಕಾಯಿಯನ್ನು ಹೊತ್ತವನ ಹೆಗಲಿಗೆ ಈ ಬೂದಿ ಅಂಟಿಕೊಳ್ಳುತ್ತದೆ. ಕಳ್ಳತನಕ್ಕೆ ಅದೇ ಸಾಕ್ಷಿ. ಸಂತೆಯಲ್ಲಿ ಹೋಳು ಮಾಡಿ ಮಾರುವ, ಕೇಸರಿ ತಿರುಳಿನ ಸಿಹಿಗುಂಬಳಕ್ಕೆ ಇಷ್ಟು ದಟ್ಟವಾದ ಬೂದಿ ಇರುವುದಿಲ್ಲ. ಎಂದರೆ ಗಾದೆಯ ಕುಂಬಳವೇ ಬೇರೆ, ಇಂದು ಹೆಚ್ಚಿನ ಮನೆಗಳಲ್ಲಿ ಪಲ್ಯವಾಗುವ ಕುಂಬಳವೇ ಬೇರೆ.

ಇವೆರಡೂ ಬಳ್ಳಿಯ ಕಾಯಿಗಳೇ, ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವೇ. ಸೌತೆ, ಹೀರೆ, ಹಾಗಲ, ಸೋರೆ ಎಲ್ಲವೂ ಅದೇ ಬಳಗ. ಆದರೆ ಹುಟ್ಟೂರಿನ ನಡುವೆ ಎರಡು ಸಾಗರಗಳ ಅಂತರವಿದೆ. ಸಸ್ಯಶಾಸ್ತ್ರಜ್ಞರು ‘ಬೆನಿಂಕಾಸ’ ಎಂದು ಕರೆಯುವ ಬೂದುಗುಂಬಳ ಏಷ್ಯಾದ ಬೆಳೆ. ‘ಕುಕರ್ಬಿಟ’ ಎನ್ನುವ ಸಿಹಿಗುಂಬಳದ ಕುಲ ಅಮೆರಿಕ ಖಂಡದ್ದು. ಮೆಕ್ಸಿಕೋ ದೇಶದ ವಹಾಕ ಪ್ರಾಂತದ ಗುಹೆಯೊಂದರಲ್ಲಿ ಸುಮಾರು 10,000 ವರ್ಷಗಳಷ್ಟು ಹಳೆಯ ಕುಂಬಳದ ಬೀಜಗಳು ದೊರೆತಿವೆ. ಮೆಕ್ಕೆಜೋಳಕ್ಕಿಂತ ಮೊದಲೇ ಅಲ್ಲಿನ ಜನ ಕುಂಬಳವನ್ನು ಪಳಗಿಸಿದ್ದರು. 1492ರಲ್ಲಿ ಕೊಲಂಬಸ್ ಆ ಖಂಡವನ್ನು ಮುಟ್ಟುವವರೆಗೆ ಭಾರತಕ್ಕೆ ಈ ಕಾಯಿಯ ಪರಿಚಯವೇ ಇರಲಿಲ್ಲ.

ಆದ್ದರಿಂದ ಹಳೆಯ ಗ್ರಂಥಗಳಲ್ಲಿ ಕುಂಬಳ ಕಂಡಾಗ ಸ್ವಲ್ಪ ಎಚ್ಚರ ಬೇಕು. ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಗೂ ಒಂದು ಭಾಗವುಂಟು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಅಡುಗೆಗಾಗಿಯೇ ‘ಸೂಪಶಾಸ್ತ್ರ’ವನ್ನು ಬರೆದ. ಇಂಥ ಕೃತಿಗಳ ಕಾಲದ ಕುಂಬಳ ಬೂದುಗುಂಬಳವೇ ಹೊರತು ಸಿಹಿಗುಂಬಳವಲ್ಲ. ಆಯುರ್ವೇದವು ಹೊಗಳುವ ‘ಕೂಷ್ಮಾಂಡ’ವೂ ಅದೇ, ಕೂಷ್ಮಾಂಡ ಲೇಹ್ಯಕ್ಕೆ ಬಳಸುವುದೂ ಅದನ್ನೇ. ಕೂಷ್ಮಾಂಡದ ಗುಣಗಳನ್ನೆಲ್ಲ ಸಿಹಿಗುಂಬಳದ ತಲೆಗೆ ಕಟ್ಟುವುದು ಇಂದಿಗೂ ನಡೆದಿರುವ ತಪ್ಪು.

ಈ ಬೆಳೆಯ ಆಗಮನವನ್ನು ನಮ್ಮ ನುಡಿಗಳೂ ಬರೆದಿಟ್ಟಿವೆ. ಮಲಯಾಳಂನಲ್ಲಿ ‘ಕುಂಬಳಙ್ಙ’ ಎಂದರೆ ಇಂದಿಗೂ ಬೂದುಗುಂಬಳ ಮಾತ್ರ. ಸಿಹಿಗುಂಬಳಕ್ಕೆ ‘ಮತ್ತಙ್ಙ’ ಎಂಬ ಬೇರೆ ಹೆಸರೇ ಇದೆ. ತುಳುವರು ಸಿಹಿಗುಂಬಳವನ್ನು ‘ಕೆಂಬುಡೆ’ ಎಂದು ಬೇರೆಯಾಗಿಯೇ ಕರೆಯುತ್ತಾರೆ. ಕರಾವಳಿ, ಮಲೆನಾಡುಗಳ ಕನ್ನಡದಲ್ಲಿ ಅದು ‘ಚೀನಿಕಾಯಿ’. ಉಳಿದ ಕನ್ನಡವು ಹೊಸಬನಿಗೂ ಹಳೆಯ ಹೆಸರನ್ನೇ ಕೊಟ್ಟು, ಗುರುತಿಗೆ ಒಂದಕ್ಕೆ ‘ಬೂದು’, ಇನ್ನೊಂದಕ್ಕೆ ‘ಸಿಹಿ’ ಎಂದು ಸೇರಿಸಿತು. ಬಂದವನನ್ನು ಮನೆಯವನನ್ನಾಗಿ ಮಾಡಿಕೊಳ್ಳುವ ರೀತಿಯೂ ಇದೇ ಅಲ್ಲವೆ?

ಹೊಸ ಖಂಡದ ಬೆಳೆಗಳು ಇಲ್ಲಿಗೆ ಬಂದದ್ದು ಪೋರ್ಚುಗೀಸರ ಹಡಗುಗಳು ತೆರೆದ ದಾರಿಯಲ್ಲಿ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಅಲ್ಲಿಂದ ಹತ್ತೇ ವರ್ಷಕ್ಕೆ ಅವರು ರಾಯಚೂರಿನಲ್ಲಿ ಕಾಣಿಸಿಕೊಳ್ಳುತ್ತಾರೆ. 1520ರಲ್ಲಿ ಶ್ರೀಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕುಗಾರರೂ ನೆರವಾದ ಸಂಗತಿಯನ್ನು ಕುದುರೆ ವ್ಯಾಪಾರಿ ನೂನಿಜ್ ದಾಖಲಿಸಿದ್ದಾನೆ. ಬಂದೂಕಿನ ಕತೆಯನ್ನು ಬರೆದಿಡಲು ಒಬ್ಬ ನೂನಿಜ್ ಇದ್ದ. ಕುಂಬಳದ ಬೀಜಕ್ಕೆ ಅಂಥ ಚರಿತ್ರೆಕಾರರು ಸಿಗಲಿಲ್ಲ. ಒಂದು ಕಾಯಿಯಲ್ಲಿ ನೂರಾರು ಬೀಜ. ಒಣಗಿಸಿ ಸೆರಗಿನಲ್ಲಿ ಕಟ್ಟಿಕೊಂಡರೆ ಮುಂದಿನ ಮಳೆಗೆ ಇನ್ನೊಂದು ಊರಿನಲ್ಲಿ ಬಳ್ಳಿ. ಇಂಥ ಬೆಳೆಗೆ ಅರಸರ ಆಶ್ರಯ ಬೇಕಿರಲಿಲ್ಲ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ರಾಯಚೂರಿನ ಎರೆಭೂಮಿಯಲ್ಲಿ ಈ ಕಾಯಿಗೆ ಒಂದು ವಿಶೇಷ ಬೆಲೆಯಿದೆ. ಮಾನ್ವಿ, ದೇವದುರ್ಗ, ಬಾಗಲವಾಡದ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರಿಲ್ಲದ ಹಿತ್ತಲಲ್ಲಿ ಸೊಪ್ಪು ಒಣಗುತ್ತದೆ, ಕಾಯಿಪಲ್ಯೆ ತುಟ್ಟಿಯಾಗುತ್ತದೆ. ಆಗ ಒದಗುವುದು ಬಲಿತ ಕುಂಬಳ. ತೊಟ್ಟು ಮುರಿಯದಂತೆ, ಸಿಪ್ಪೆಗೆ ಗಾಯವಾಗದಂತೆ ಕೊಯ್ದು, ತಂಪಾದ ಒಣ ಜಾಗದಲ್ಲಿ ಇಟ್ಟರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಶೀತಲ ಪೆಟ್ಟಿಗೆ ಬೇಡ, ವಿದ್ಯುತ್ ಬೇಡ. ಮಳೆಗಾಲದ ಬಳ್ಳಿಯ ಫಲವನ್ನು ಬೇಸಿಗೆಯ ಗಂಗಾಳಕ್ಕೆ ತಲುಪಿಸುವ ಉಗ್ರಾಣ ಅದು.

ಹೀಗೆ ಉಳಿಸಿದ ಕಾಯಿಯಲ್ಲಿ ಏನಿದೆ? ಶೇಕಡಾ 90ಕ್ಕೂ ಹೆಚ್ಚು ನೀರು. 100 ಗ್ರಾಂ ಹಸಿ ತಿರುಳಿನಿಂದ ದೊರೆಯುವ ಶಕ್ತಿ ಸುಮಾರು 25 ಕಿಲೊ ಕ್ಯಾಲೊರಿ ಮಾತ್ರ. ಜೊತೆಗೆ ನಾರು, ಪೊಟ್ಯಾಸಿಯಂ, ಅಲ್ಪ ಪ್ರಮಾಣದ ‘ಸಿ’ ಜೀವಸತ್ವ. ಆದರೆ ಅದರ ನಿಜವಾದ ಸಂಪತ್ತು ಬಣ್ಣದಲ್ಲಿದೆ. ತಿರುಳಿಗೆ ಕೇಸರಿ ಬಣ್ಣ ಕೊಡುವ ಬೀಟಾ ಕೆರೋಟಿನ್ ನಮ್ಮ ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುತ್ತದೆ. ಬಿಳಿ ತಿರುಳಿನ ಬೂದುಗುಂಬಳದಲ್ಲಿ ಈ ಕೆರೋಟಿನ್ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆಗೆ ಹಗುರವಾದ ಅದು ಮಜ್ಜಿಗೆಹುಳಿಗೆ, ಸಂಡಿಗೆಗೆ, ಕಾಶಿ ಹಲ್ವಕ್ಕೆ ಚೆನ್ನ. ಕಣ್ಣಿನ ವಿಷಯಕ್ಕೆ ಬಂದರೆ ಸಿಹಿಗುಂಬಳವೇ ಬೇಕು.

ಕಣ್ಣಿನ ಮಾತು ಸಣ್ಣದಲ್ಲ. ‘ಎ’ ಜೀವಸತ್ವದ ಕೊರತೆಯಾದ ಮಕ್ಕಳಿಗೆ ಮೊದಲು ಇರುಳುಗಣ್ಣು ಬರುತ್ತದೆ. ಕೊರತೆ ಮುಂದುವರಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಒಣಗಿ, ಹುಣ್ಣಾಗಿ, ದೃಷ್ಟಿಯೇ ಹೋಗಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧನೆಯ ಆಧಾರದ ಮೇಲೆ 1970ರಲ್ಲಿ ಭಾರತ ಸರ್ಕಾರ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಈ ಜೀವಸತ್ವದ ದ್ರಾವಣವನ್ನು ಕೊಡುವ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ಆರು ತಿಂಗಳಿಗೊಮ್ಮೆಯ ಚಮಚೆ ದಿನನಿತ್ಯದ ಊಟದ ಜಾಗವನ್ನು ತುಂಬಲಾರದು. ನುಗ್ಗೆ, ಹರಿವೆ, ಮೆಂತ್ಯೆಗಳಂಥ ಸೊಪ್ಪುಗಳಲ್ಲಿ ಕೆರೋಟಿನ್ ಧಾರಾಳವಾಗಿದೆ, ನಿಜ. ಸೊಪ್ಪು ಸಿಗದ ತಿಂಗಳುಗಳಲ್ಲಿ ಏನು ಮಾಡಬೇಕೆಂಬ ಪ್ರಶ್ನೆಗೆ ಅಟ್ಟದ ಮೇಲಿನ ಕುಂಬಳ ಒಂದು ಅಗ್ಗದ ಉತ್ತರ.

ನಮ್ಮ ಅಡುಗೆಯ ಪದ್ಧತಿಯೂ ಇದಕ್ಕೆ ಒದಗಿಬಂದಿದೆ. ಕೆರೋಟಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಊಟದಲ್ಲಿ ಸ್ವಲ್ಪವಾದರೂ ಜಿಡ್ಡು ಇಲ್ಲದಿದ್ದರೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳಲಾರದು. ಉತ್ತರ ಕರ್ನಾಟಕದ ಗೃಹಿಣಿ ಕುಂಬಳದ ಪಲ್ಯಕ್ಕೆ ಒಗ್ಗರಣೆ ಕೊಟ್ಟು, ಶೇಂಗಾ ಅಥವಾ ಗುರೆಳ್ಳಿನ ಪುಡಿ ಉದುರಿಸಿ ಜೋಳದ ರೊಟ್ಟಿಯೊಂದಿಗೆ ಬಡಿಸುವಾಗ ಈ ಕೆಲಸ ತಾನಾಗಿ ಆಗುತ್ತದೆ. ಬೇಯಿಸಿದಾಗ ತಿರುಳಿನ ಕೋಶಗಳು ಒಡೆದು ಕೆರೋಟಿನ್ ಇನ್ನಷ್ಟು ಸುಲಭವಾಗಿ ದಕ್ಕುತ್ತದೆ. ಹದವಾಗಿ ಬೆಂದರೆ ಸಾಕು. ಬಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವುದು ಒಳ್ಳೆಯದು.

ಹಬ್ಬದ ಗಾರಿಗೆಯ ಲೆಕ್ಕ ಬೇರೆ. ತುರಿದ ಕುಂಬಳವನ್ನು ಬೆಲ್ಲದೊಂದಿಗೆ ಬೇಯಿಸಿ, ಗೋಧಿ ಹಿಟ್ಟು, ಏಲಕ್ಕಿ ಸೇರಿಸಿ, ತಟ್ಟಿ ಎಣ್ಣೆಯಲ್ಲಿ ಕರಿದ ಗಾರಿಗೆ ರುಚಿಗೆ ಹೆಸರಾದದ್ದು. ಅದನ್ನು ಪಥ್ಯವೆಂದು ತಿನ್ನಬಾರದು. ಸಕ್ಕರೆ ಕಾಯಿಲೆಯವರು ‘ಸಿಹಿ’ ಎಂಬ ಹೆಸರಿಗೆ ಹೆದರಿ ಪಲ್ಯವನ್ನೂ ಬಿಡಬೇಕಾಗಿಲ್ಲ. ನೀರೇ ಹೆಚ್ಚಾಗಿರುವುದರಿಂದ ಒಂದು ಹಿಡಿ ಪಲ್ಯದಲ್ಲಿರುವ ಪಿಷ್ಟ, ಸಕ್ಕರೆಗಳು ಕಡಿಮೆಯೇ. ಮಿತಿ ತಪ್ಪದಿದ್ದರೆ ಸಾಕು. ಬೀಜವನ್ನು ಎಸೆಯಬಾರದು. ತೊಳೆದು ಒಣಗಿಸಿ ಹುರಿದ ಬೀಜದ ತಿರುಳಿನಲ್ಲಿ ಸುಮಾರು ಶೇಕಡಾ 30ರಷ್ಟು ಪ್ರೋಟೀನ್, ಸತು ಮತ್ತು ಮೆಗ್ನೀಸಿಯಂಗಳಿವೆ. ಎಳೆಯ ಕುಡಿ, ಹೂವುಗಳೂ ಪಲ್ಯಕ್ಕೆ ಬರುತ್ತವೆ. ಒಂದೇ ಎಚ್ಚರಿಕೆ: ಕಾಯಿ ಕಹಿಯಾಗಿದ್ದರೆ ತಿನ್ನಬಾರದು, ಆ ಕಹಿ ಕುಕರ್ಬಿಟಾಸಿನ್ ಎಂಬ ವಿಷದ ಗುರುತು.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು, ಮಾನ್ವಿ ಭಾಗದ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನೀರು ನಿಂತ ಗದ್ದೆಯಲ್ಲಿ ಕುಂಬಳದ ಬಳ್ಳಿಗೆ ಜಾಗವಿಲ್ಲ. ಆದರೂ ಬೇಲಿ, ತಿಪ್ಪೆಯ ಅಂಚು, ಹಿತ್ತಲು ಇನ್ನೂ ಉಳಿದಿವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ಸೂರ್ಯಮುಖಿ’, ‘ಅರ್ಕಾ ಚಂದನ್’ ಎಂಬ ತಳಿಗಳನ್ನು ಕೊಟ್ಟಿದೆ. ಇವು ದೈತ್ಯ ಕಾಯಿಗಳಲ್ಲ, ಸಣ್ಣ ಸಂಸಾರಕ್ಕೂ ಹೊಂದುವ ಗಾತ್ರದವು. ಬಡವರ ಕಾಯಿಪಲ್ಯೆ ಎಂಬ ತಾತ್ಸಾರವೊಂದು ಹೋದರೆ, ಮಳೆಗಾಲದಲ್ಲಿ ಬೇಲಿಗೆ ಊರಿದ ನಾಲ್ಕು ಬೀಜ ಬೇಸಿಗೆಯಲ್ಲಿ ಮನೆಯ ಮಕ್ಕಳ ಊಟಕ್ಕೆ ಒದಗುತ್ತವೆ.