ಆರು ಆಂಪಿಯರ್‌ನ ಹೊಸ್ತಿಲು: ಚಾವಣಿ ಸೌರವಿದ್ಯುತ್ತು, ಕಾರಿನ ಚಾರ್ಜಿಂಗ್ ಮತ್ತು ತಂತ್ರಾಂಶದ ಮಿತಿಗಳು

ಜರ್ಮನಿಯಲ್ಲಿ 2004ರ ನವೀಕರಿಸಬಹುದಾದ ಇಂಧನ ಕಾಯ್ದೆಯಡಿ ಮನೆಯ ಚಾವಣಿಯಿಂದ ಗ್ರಿಡ್‌ಗೆ ಹೋದ ಪ್ರತಿ ಯೂನಿಟ್‌ಗೆ 57.4 ಸೆಂಟ್ ಸಿಗುತ್ತಿತ್ತು. ಗ್ರಿಡ್‌ನಿಂದ ಕೊಳ್ಳುವ ಯೂನಿಟ್‌ಗೆ ಸುಮಾರು 18 ಸೆಂಟ್. ತಾನು ಉತ್ಪಾದಿಸಿದ್ದನ್ನು ತಾನೇ ಬಳಸಿದವನಿಗೆ ಆಗ ನಷ್ಟವೇ. 2012ರ ಸುಮಾರಿಗೆ ಲೆಕ್ಕ ತಿರುಗಿತು. 2025ರಲ್ಲಿ ಹೊಸ ಘಟಕಕ್ಕೆ ಸಿಗುವುದು ಸುಮಾರು 8 ಸೆಂಟ್, ಕೊಳ್ಳುವ ಬೆಲೆ 30 ಸೆಂಟ್‌ಗೂ ಮೇಲೆ. ಮಿಗುವ ಸೌರವಿದ್ಯುತ್ತನ್ನು ಕಾರಿಗೆ ತುಂಬಿಸುವ ಇವಿಸಿಸಿಯಂಥ ಮುಕ್ತ ತಂತ್ರಾಂಶಗಳಿಗೆ ಅಲ್ಲಿ ನೆಲೆ ಸಿಕ್ಕಿದ್ದು ಈ ಅಂತರದಿಂದ. ಇವುಗಳ ಜಾಣತನವನ್ನು ಅಳೆಯುವಾಗ ಹವಾಮಾನದ ಮುನ್ಸೂಚನೆಗಿಂತ ಎರಡು ಸಂಗತಿಗಳು ಮುಖ್ಯ ಎಂಬುದು ಈ ಲೇಖನದ ವಾದ: ಒಂದು ತಾಂತ್ರಿಕ ಹೊಸ್ತಿಲು, ಇನ್ನೊಂದು ದರಪಟ್ಟಿ.

ಮೊದಲು ಹೊಸ್ತಿಲು. ಗೋಡೆಗೆ ಹಾಕಿದ ಪೆಟ್ಟಿಗೆಯನ್ನು ಚಾರ್ಜರ್ ಎನ್ನುವುದು ರೂಢಿ. ಆದರೆ ಎಸಿ ವಿದ್ಯುತ್ತಿನ ಮಟ್ಟಿಗೆ ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ಪೆಟ್ಟಿಗೆಯ ಮುಖ್ಯ ಕೆಲಸ 'ಇದಕ್ಕಿಂತ ಹೆಚ್ಚು ಎಳೆಯಬೇಡ' ಎಂದು ತಿಳಿಸುವುದು. ಐಇಸಿ 61851 ಮಾನದಂಡದ ಪ್ರಕಾರ ಸೆಕೆಂಡಿಗೆ 1000 ಬಾರಿ ಏರಿಳಿಯುವ ಸಂಕೇತವೊಂದು ಕೇಬಲ್‌ನಲ್ಲಿ ಹರಿಯುತ್ತದೆ. ಪ್ರತಿ ಆವರ್ತದಲ್ಲಿ ಅದು ಮೇಲ್ಮಟ್ಟದಲ್ಲಿರುವ ಅವಧಿ ಶೇ. 10 ಆದರೆ ಮಿತಿ 6 ಆಂಪಿಯರ್, ಸುಮಾರು ಶೇ. 27 ಆದರೆ 16 ಆಂಪಿಯರ್. ಆರಕ್ಕಿಂತ ಕೆಳಗೆ ಚಾರ್ಜಿಂಗ್ ಇಲ್ಲ.

230 ವೋಲ್ಟ್‌ನಲ್ಲಿ ಇದರ ಅರ್ಥ, ಸಿಂಗಲ್ ಫೇಸ್‌ಗೆ ಕನಿಷ್ಠ 1.38 ಕಿಲೋವ್ಯಾಟ್, ತ್ರೀ ಫೇಸ್‌ಗೆ 4.14. ಸಿಂಗಲ್ ಫೇಸ್‌ನಲ್ಲಿ 16 ಆಂಪಿಯರ್‌ವರೆಗೆ ಹೋದರೂ 3.68ಕ್ಕೆ ನಿಲ್ಲುತ್ತದೆ. ಚಾವಣಿಯಲ್ಲಿ 3.9 ಕಿಲೋವ್ಯಾಟ್ ಮಿಕ್ಕಿದೆ ಎನ್ನಿ. ಅದಕ್ಕೆ ಸರಿಹೊಂದುವ ಮಟ್ಟವೇ ಇಲ್ಲ! ಸ್ವಲ್ಪ ಮಾರಬೇಕು, ಇಲ್ಲವೇ ಸ್ವಲ್ಪ ಕೊಳ್ಳಬೇಕು. ಅಷ್ಟರಲ್ಲಿ ಮೋಡವೊಂದು ಹಾದರೆ, ಅಡುಗೆಮನೆಯಲ್ಲಿ ಯಾರೋ ನೀರು ಕಾಯಿಸಲು ಸ್ವಿಚ್ ಒತ್ತಿದರೆ, ಲೆಕ್ಕ ಮತ್ತೆ ತಲೆಕೆಳಗು. ಪ್ರತಿ ಏರಿಳಿತಕ್ಕೂ ಕುಣಿದರೆ ಪೆಟ್ಟಿಗೆಯೊಳಗಿನ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಸವೆಯುತ್ತದೆ. ಪದೇ ಪದೇ ನಿಲ್ಲಿಸಿದರೆ ಕೆಲವು ಕಾರುಗಳು ನಿದ್ರೆಗೆ ಜಾರಿ ಮತ್ತೆ ಏಳುವುದಿಲ್ಲ. ಆದ್ದರಿಂದ ಒಳ್ಳೆಯ ತಂತ್ರಾಂಶ ಆರಂಭಿಸುವ ಮುನ್ನವೂ ನಿಲ್ಲಿಸುವ ಮುನ್ನವೂ ಕೊಂಚ ಕಾಯುತ್ತದೆ. ನನ್ನ ದೃಷ್ಟಿಯಲ್ಲಿ ಅದರ ಜಾಣತನದ ದೊಡ್ಡ ಪಾಲು ಈ ತಾಳ್ಮೆಯೇ.

ಕಡಿಮೆ ವೇಗಕ್ಕೂ ಬೆಲೆಯಿದೆ. ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಒಳಯಂತ್ರಗಳು ಎಚ್ಚರವಾಗಿರುತ್ತವೆ. ಅವುಗಳ ಖರ್ಚು 250 ವ್ಯಾಟ್ ಎಂದಿಟ್ಟುಕೊಂಡರೆ, 1.38 ಕಿಲೋವ್ಯಾಟ್‌ನಲ್ಲಿ ಅದು ಶೇ. 18, 11 ಕಿಲೋವ್ಯಾಟ್‌ನಲ್ಲಿ ಶೇ. 2ರ ಆಸುಪಾಸು. ಬಿಸಿಲಿನ ಕೊನೆಯ ಹನಿಯನ್ನೂ ಹಿಡಿಯುವ ಹಟ ಸದಾ ಲಾಭವಲ್ಲ.

ಕಾನೂನೂ ಈ ಹೊಸ್ತಿಲನ್ನು ಬಿಟ್ಟಿಲ್ಲ. 2024ರ ಜನವರಿ 1ರಿಂದ ಜರ್ಮನಿಯಲ್ಲಿ ಅಳವಡಿಸಿದ ಹೊಸ ಚಾರ್ಜಿಂಗ್ ಪೆಟ್ಟಿಗೆಗಳ ವೇಗವನ್ನು ಗ್ರಿಡ್ ದಟ್ಟಣೆಯ ಹೊತ್ತಿನಲ್ಲಿ 4.2 ಕಿಲೋವ್ಯಾಟ್‌ಗೆ ಇಳಿಸಬಹುದು. ಬದಲಿಗೆ ಗ್ರಿಡ್ ಶುಲ್ಕದಲ್ಲಿ ರಿಯಾಯಿತಿ. 4.14ಕ್ಕಿಂತ ಕೂದಲೆಳೆಯಷ್ಟು ಮೇಲಿರುವ ಈ ಅಂಕಿಯಿಂದಾಗಿ ತ್ರೀ ಫೇಸ್ ಚಾರ್ಜಿಂಗ್ ನಿಧಾನವಾದರೂ ನಿಲ್ಲುವುದಿಲ್ಲ.

ಇನ್ನು ದರಪಟ್ಟಿ. ಕರ್ನಾಟಕದಲ್ಲಿ ದರದ ಚಿತ್ರವೇ ಬೇರೆ. ನೆಟ್ ಮೀಟರಿಂಗ್ ಪಡೆದ ಮನೆಯಲ್ಲಿ ಹಗಲು ಗ್ರಿಡ್‌ಗೆ ಕೊಟ್ಟ ಯೂನಿಟ್ ರಾತ್ರಿ ತೆಗೆದುಕೊಂಡ ಯೂನಿಟ್‌ಗೆ ವಜಾ ಆಗುತ್ತದೆ. ಅಷ್ಟರ ಮಟ್ಟಿಗೆ ಕಾರನ್ನು ಮಧ್ಯಾಹ್ನ ಚಾರ್ಜ್ ಮಾಡಿದರೂ ಒಂದೇ, ಮಧ್ಯರಾತ್ರಿ ಮಾಡಿದರೂ ಒಂದೇ. ತಂತ್ರಾಂಶ ಉಳಿಸಿಕೊಡಲು ಬಿಲ್ಲಿನಲ್ಲಿ ಏನೂ ಇಲ್ಲ. ಸೌರ ಗಂಟೆಗಳಲ್ಲಿ ದರ ಇಳಿಸಿ, ಬೇಡಿಕೆ ಹೆಚ್ಚಿರುವ ಗಂಟೆಗಳಲ್ಲಿ ಏರಿಸುವ ಪದ್ಧತಿಗೆ ಕೇಂದ್ರ ಸರ್ಕಾರದ 2023ರ ನಿಯಮಗಳು ದಾರಿ ಮಾಡಿವೆ. ಅದು ಮನೆಗಳಿಗೆ ಪೂರ್ತಿ ಬಂದರೂ ಮೊದಲ ಹಂತಕ್ಕೆ ಸಾಮಾನ್ಯ ಟೈಮರ್ ಸಾಕು. ಚಾವಣಿಗೆ ಫಲಕ, ಅಂಗಳಕ್ಕೆ ಕಾರು ತಂದವರು ಇಂಥ ತಂತ್ರಾಂಶಕ್ಕೆ ಹಣ ಹಾಕುವ ಮುನ್ನ ತಮ್ಮ ಬಿಲ್ಲಿನಲ್ಲಿ ಕೊಟ್ಟ ಯೂನಿಟ್‌ಗೂ ಪಡೆದ ಯೂನಿಟ್‌ಗೂ ದರದಲ್ಲಿ ವ್ಯತ್ಯಾಸವಿದೆಯೇ ಎಂದು ನೋಡಿಕೊಳ್ಳಲಿ.